ಹಳೆಯ ಗಾಡಿಯ ದೀಪ

ನಿಡಗುಂದಿಯ ನಮ್ಮ ಅಕ್ಕನವರ ಮನೆಯ ತಲಬಾಗಿಲನ್ನು ದಾಟಿದ ಕೂಡಲೆ ಎಡಗಡೆಗೆ, ಜೋಳದ ಚೀಲಗಳ ಸಾಲಿಗೆ ಹೊಂದಿ, ಒಂದು ಹಳೆಯ ಮೋಟಾರ ಸಾಯಕಲ್ಲು ನಿಂತಿರುವದು. ನಮ್ಮ ಭಾವನವರ ತಂದೆಯವರು ತಮ್ಮ ಪ್ರಾಯದಲ್ಲಿ ಹತ್ತಿ ಮಾರಿದ ಹಣದಿಂದ ಅದನ್ನು ಕೊಂಡರು. ಆಲಮಟ್ಟಿಯ ಹಿನ್ನೀರು ಏರಿ ನದಿಯ ದಂಡೆಯ ಹಳೆಯ ಮನೆಯು ಮುಳುಗಡೆಗೆ ಹೋದಾಗ ತೊಲೆ, ಕಂಬ, ಬಾಗಿಲು, ಬೀಸುವ ಕಲ್ಲು ಇವುಗಳ ಜೊತೆಗೆ ಅದೂ ಟ್ರ್ಯಾಕ್ಟರವನ್ನೇರಿ ಈ ಮನೆಗೆ ಬಂದಿತು. ಕೊಂಡವರು ಈಗ ಇಲ್ಲ. ಅವರ ಮೊಮ್ಮಗನು, ಅಂದರೆ ನಮ್ಮ ಸೋದರಳಿಯನು, ಅದನ್ನು ಹೊಲಕ್ಕೆ ಹೋಗಿ ಬರಲು ಉಪಯೋಗಿಸುತ್ತಾನೆ. ಇಂಜಿನು ಇಂದಿಗೂ ಎರಡನೆಯ ಒದೆತಕ್ಕೆ ಹೊತ್ತಿಕೊಳ್ಳುವದು. ಕೆಟ್ಟದ್ದು ದೀಪವೊಂದೇ.

ದೀಪವೊಂದೇ ಎಂದು ನಾವೂ ಹಗುರಾಗಿ ಮಾತನಾಡಿದವರೇ. ಆದರೆ ಕಳೆದ ಮಾಗಿಯಲ್ಲಿ ನಡೆದ ಪ್ರಸಂಗವು ನಮ್ಮ ಬಾಯಿಯನ್ನು ಕಟ್ಟಿತು. ಪಂಪಿನ ಕರೆಂಟು ರಾತ್ರಿಯ ಪಾಳಿಯಲ್ಲಿ ಬರುವ ವಾರವದು. ಹುಡುಗನು ನೀರು ತಿರುವಿ ನಡುರಾತ್ರಿಯ ಮೇಲೆ ಮನೆಗೆ ಮರಳುತ್ತಿದ್ದನು. ಹೊಲದ ದಾರಿಯು ಎಡಕ್ಕೆ ಹೊರಳುವಲ್ಲಿ ಅವನು ಹ್ಯಾಂಡಲ್ಲನ್ನು ತಿರುವಿದ ಕ್ಷಣಕ್ಕೆ ದೀಪವು ಆರಿಹೋಯಿತು. ಅದೇ ತಿರುವಿನಾಚೆ ಕಬ್ಬು ತುಂಬಿದ ಟ್ರ್ಯಾಲಿಯೊಂದು ಹಿಂದೆ ಮುಂದೆ ಯಾವ ದೀಪವೂ ಇಲ್ಲದೆ ನಿಂತಿತ್ತು. ಕಬ್ಬಿನ ವಾಸನೆ ಮೂಗಿಗೆ ಬಡಿದದ್ದರಿಂದಲೇ ತಾನು ಗಾಡಿಯನ್ನು ಪಕ್ಕಕ್ಕೆ ಎಳೆದೆನೆಂದು ಅವನು ಹೇಳುತ್ತಾನೆ. ಗಾಡಿಯೊಡನೆ ತಗ್ಗಿಗೆ ಬಿದ್ದು ಹೆಗಲಿನ ಮುಂಬದಿಯ ಎಲುಬು ಮುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಚಕ್ರದ ಗುರುತಿಗೂ ಟ್ರ್ಯಾಲಿ ನಿಂತ ಜಾಗಕ್ಕೂ ನಡುವೆ ಎರಡು ಮೊಳದ ಅಂತರವಿತ್ತು.

ಅಂದಿನಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಭಾವನವರು ಗಾಡಿಯನ್ನು ಮೋಡಕಾ ಅಂಗಡಿಗೆ ತೂಗಿಬಿಡುವೆನೆಂದರು. ಅಕ್ಕನವರು ಏನನ್ನೂ ಆಡಲಿಲ್ಲ. ಹುಡುಗನ ಕೈಯನ್ನು ಕೊರಳಿಗೆ ಕಟ್ಟಿದ ಅರಿವೆಯನ್ನು ದಿನಾ ಒಗೆದು ಒಣಹಾಕುತ್ತಿದ್ದರು, ಅಷ್ಟೆ. ಆದರೆ ಭಾವನವರ ತಾಯಿಯವರು, ಹುಡುಗರು ಆಯಿ ಎಂದು ಕರೆಯುವ ಹಿರಿಯ ಜೀವವು, ನಮ್ಮನ್ನು ಕರೆದು ಹೀಗೆಂದರು: “ನೋಡ್ರಿ ಬೀಗರ, ಗಾಡಿದೇನ ತಪ್ಪ ಐತಿ? ದೀಪಾ ಕೆಟ್ಟೈತೆಂತ ಯಾರರ ಮನೀನ ಮಾರತಾರೇನು? ಮೋಡಕಾಕ ಹಾಕೂದು ಬ್ಯಾಡ. ನೀವು ಓದಿದವರದೀರಿ, ಅದಕ್ಕೇನಾಗೈತಿ ಅಂತ ಮೊದಲ ನೋಡ್ರಿ.”

ನಾವು ಓದಿದ್ದು ಬೇರೆ ವಿದ್ಯೆ. ಆದರೂ ಹಿರಿಯರ ಮಾತನ್ನು ಮೀರಲಾರದೆ, ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಬಹು ವರ್ಷಗಳಿಂದ ಗಾಡಿ ರಿಪೇರಿ ಮಾಡುತ್ತಿರುವ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕೂಡಿಸಿಕೊಂಡು ಎರಡು ಆದಿತ್ಯವಾರಗಳನ್ನು ಈ ಕೆಲಸದಲ್ಲಿ ಕಳೆದೆವು. ಇಂಥ ಗಾಡಿಗಳು ನಮ್ಮ ವಾಚಕರ ಎಷ್ಟೋ ಮನೆಗಳಲ್ಲಿ ಇರುವದರಿಂದ, ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆದಿಡುತ್ತೇವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಹಳೆಯ ಗಾಡಿಗಳಲ್ಲಿ ದೀಪಕ್ಕೆ ವಿದ್ಯುತ್ತನ್ನು ಒದಗಿಸುವ ಬಗೆ ಒಂದೇ ಆಗಿರುವದಿಲ್ಲ. ನಮ್ಮ ನಾಡಿನಲ್ಲಿಯೇ ತಯಾರಾದ ಜಾವಾ ಗಾಡಿಯ ಉದಾಹರಣೆಯನ್ನು ನೋಡಿರಿ. ಜಾವಾ ಎಂಬದು ಮೂಲತಃ ಚೆಕೊಸ್ಲೊವಾಕಿಯಾ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಗಾಡಿಯ ತಯಾರಿಕೆಯ ಹಕ್ಕನ್ನು ಕೊಂಡಾಗ ಎರಡೂ ಹೆಸರುಗಳ ಮೊದಲಿನ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಲಾಯಿತು. ಇರಾಣಿ ಮನೆತನದವರ ಐಡಿಯಲ್ ಜಾವಾ ಕಾರಖಾನೆಯು 1961ರಿಂದ ಮೈಸೂರಿನಲ್ಲಿ ಅದನ್ನು ತಯಾರಿಸತೊಡಗಿತು. ಮುಂದೆ ಅದೇ ಗಾಡಿ ಯೆಜ್ದಿ ಎಂಬ ಹೆಸರಿನಿಂದ ನಾಡೆಲ್ಲ ಓಡಾಡಿತು. 1996ರಲ್ಲಿ ಕಾರಖಾನೆ ಮುಚ್ಚಿದರೂ ಆ ಗಾಡಿಗಳ ಸದ್ದು ಇನ್ನೂ ಅಡಗಿಲ್ಲ. ಈ ಜಾವಾದಲ್ಲಿ ಇಂಜಿನಿನ ಪಕ್ಕಕ್ಕೆ ಒಂದು ಡೈನಮೋ ಇದ್ದು ಅದು 6 ವೋಲ್ಟಿನ ಬ್ಯಾಟರಿಯನ್ನು ತುಂಬುವದು. ದೀಪವು ಬ್ಯಾಟರಿಯ ಆಸರೆಯಿಂದ ಉರಿಯುವದು. ಆದಕಾರಣ ಅಲ್ಲಿ ರೋಗವನ್ನು ಹುಡುಕುವ ಹಾದಿಯೇ ಬೇರೆ. ಕೀಲಿಯನ್ನು ತಿರುವಿದಾಗ ಹೊತ್ತುವ ಚಿಕ್ಕ ಕೆಂಪು ದೀಪವು ಇಂಜಿನು ಓಡಿದ ಮೇಲೆ ಆರಬೇಕು. ಆರದಿದ್ದರೆ ಡೈನಮೋ ಬ್ಯಾಟರಿಯನ್ನು ತುಂಬುತ್ತಿಲ್ಲವೆಂದು ತಿಳಿದು, ಅದರ ಇದ್ದಲಿಯ ಬ್ರಷ್ಷುಗಳು ಸವೆದಿವೆಯೋ, ಅವು ಒತ್ತಿಕೊಂಡಿರುವ ತಾಮ್ರದ ಪಟ್ಟಿಗಳು ಕರಿ ಹಿಡಿದಿವೆಯೋ, ರೆಗ್ಯುಲೇಟರಿನ ಕಟೌಟು ಅಂಟಿಕೊಂಡಿದೆಯೋ ನೋಡತಕ್ಕದ್ದು.

ನಮ್ಮ ಅಕ್ಕನವರ ಮನೆಯ ಗಾಡಿಯು ಎರಡನೆಯ ಜಾತಿಯದು. ರಾಜದೂತ, ಲ್ಯಾಂಬ್ರೆಟಾ, ಲೂನಾ ಮೊದಲಾದವುಗಳಲ್ಲಿ ಇರುವಂತೆ ಇದರಲ್ಲಿಯೂ ಇಂಜಿನಿನ ದಂಡದ ತುದಿಗೆ ಒಂದು ಭಾರವಾದ ಗಾಲಿಯುಂಟು. ಗಾಲಿಯ ಒಳಮೈಗೆ ಅಯಸ್ಕಾಂತಗಳನ್ನು ಕೂಡಿಸಿರುವರು. ಮೇಸ್ತ್ರಿಗಳು ಇದನ್ನೆಲ್ಲ ಸೇರಿಸಿ ಮ್ಯಾಗ್ನೆಟ್ ಎಂದೇ ಕರೆಯುವರು. ಗಾಲಿಯ ಹೊಟ್ಟೆಯಲ್ಲಿ ತಿರುಗದೆ ನಿಂತಿರುವ ಒಂದು ತಟ್ಟೆ. ತಟ್ಟೆಯ ಮೇಲೆ ಕಬ್ಬಿಣದ ತುಂಡುಗಳಿಗೆ ಸುತ್ತಿದ ತಾಮ್ರದ ತಂತಿಯ ಸುರುಳಿಗಳು. ಒಂದು ಸುರುಳಿಯು ಇಂಜಿನಿನ ಕಿಡಿಗಾಗಿ, ಉಳಿದವು ದೀಪಕ್ಕಾಗಿ. ಅಯಸ್ಕಾಂತವು ಸುರುಳಿಯ ಮುಂದೆ ಸರಿದಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುವದೆಂಬದನ್ನು ಮಾಯಕಲ್ ಫ್ಯಾರಡೇ ಎಂಬ ಇಂಗ್ಲಿಷ್ ವಿಜ್ಞಾನಿಯು 1831ರಲ್ಲಿ ತೋರಿಸಿಕೊಟ್ಟನು. ನಿಡಗುಂದಿಯಿಂದ ಕೂಗಳತೆಗಿಂತ ಸ್ವಲ್ಪ ಹೆಚ್ಚು ದೂರದಲ್ಲಿರುವ ಆಲಮಟ್ಟಿಯ ವಿದ್ಯುದಾಗಾರದಲ್ಲಿ ಕೃಷ್ಣೆಯ ನೀರು ತಿರುವುವ ಯಂತ್ರಗಳು 290 ಮೆಗಾವ್ಯಾಟು ಶಕ್ತಿಯವು. ಹುಡುಗನ ಗಾಡಿಯ ದೀಪಕ್ಕೆ ಬೇಕಾದದ್ದು 25 ವ್ಯಾಟು. ಆದರೆ ಎರಡರ ಕುಲವೂ ಒಂದೇ.

ಇಲ್ಲಿ ಬ್ಯಾಟರಿಯ ಆಸರೆ ದೀಪಕ್ಕೆ ಇಲ್ಲ. ಇಂಜಿನು ಮೆಲ್ಲಗೆ ತಿರುಗಿದರೆ ದೀಪ ಮಂಕು, ಜೋರಾಗಿ ತಿರುಗಿದರೆ ಪ್ರಕಾಶ. ಇದನ್ನು ರೋಗವೆಂದು ತಿಳಿಯಬಾರದು, ಅದು ಹುಟ್ಟುಗುಣ. ಇನ್ನೊಂದು ಗುಣವನ್ನು ಬಹಳ ಜನರು ಅರಿಯರು. ಮನೆಯ ಕರೆಂಟಿನಲ್ಲಿ 40 ವ್ಯಾಟಿನ ಬಲ್ಬನ್ನು ತೆಗೆದು 100 ವ್ಯಾಟಿನದನ್ನು ಹಾಕಿದರೆ ಬೆಳಕು ಹೆಚ್ಚುವದು, ಏಕೆಂದರೆ ಅಲ್ಲಿ ವೋಲ್ಟು ಬದಲಾಗದೆ ನಿಲ್ಲುವದು. ಗಾಡಿಯ ಸುರುಳಿಯು ಹಾಗಲ್ಲ. ಅದು ಇಷ್ಟೇ ಪ್ರವಾಹವನ್ನು ಕೊಡಬಲ್ಲೆನೆಂದು ಹಟ ಹಿಡಿದ ಬಡ ಯಜಮಾನನಂತೆ. ಉಣ್ಣುವವರು ಹೆಚ್ಚಾದರೆ ಎಲ್ಲರಿಗೂ ಅರೆಹೊಟ್ಟೆ; ಕಡಿಮೆಯಾದರೆ ಉಳಿದವನಿಗೆ ಅಜೀರ್ಣ. ನಮ್ಮ ಅಳಿಯನು ಬೆಳಕು ಸಾಲದೆಂದು 25 ವ್ಯಾಟಿನ ಜಾಗದಲ್ಲಿ 35 ವ್ಯಾಟಿನ ಬಲ್ಬನ್ನು ತಂದು ಹಾಕಿದ್ದನು. ದೀಪ ಇನ್ನಷ್ಟು ಕೆಂಪಾಯಿತು. ಗಾಡಿಯ ಪುಸ್ತಕದಲ್ಲಿ ಹೇಳಿದ ವೋಲ್ಟು ವ್ಯಾಟುಗಳೆರಡೂ ಬಲ್ಬಿನ ಹಿತ್ತಾಳೆಯ ಬುಡದಲ್ಲಿ ಕೊರೆದಿವೆಯೋ ಇಲ್ಲವೋ ಎಂದು ಕನ್ನಡಕವನ್ನು ಏರಿಸಿ ಓದುವದು ಮೊದಲನೆಯ ಕೆಲಸ. ಇದಕ್ಕೆ ಕಾಸು ಖರ್ಚಿಲ್ಲ.

ನಮ್ಮ ಶೋಧಕ್ಕೆ ದಾರಿ ತೋರಿಸಿದ್ದು ಮುಂದಿನ ದೀಪವಲ್ಲ, ಹಿಂದಿನದು. ಮೇಸ್ತ್ರಿಯವರು ಬಂದವರೇ, “ತಮ್ಮಾ, ಹಿಂದಿನ ಬಲ್ಬ ಎಷ್ಟ ದಿನಕ್ಕೊಮ್ಮಿ ಸುಡತೈತಿ?” ಎಂದು ಹುಡುಗನನ್ನು ಕೇಳಿದರು. ಅವನು ತಿಂಗಳಿಗೆ ಎರಡು ಸುಡುತ್ತವೆಂದೂ, ಬೇಸತ್ತು ಒಮ್ಮೆಗೇ ಒಂದು ಡಬ್ಬಿಯನ್ನು ತಂದಿಟ್ಟಿದ್ದಾನೆಂದೂ ಹೇಳಿದನು. ಮೇಸ್ತ್ರಿಯವರು ನಕ್ಕು ಹ್ಯಾಂಡಲ್ಲಿನ ಕುತ್ತಿಗೆಯ ಕಡೆಗೆ ಬೆರಳು ಮಾಡಿದರು. ಮುಂದಿನ ದೀಪದ ತಂತಿಯು ಎಲ್ಲಿಯೋ ಕ್ಷಣಹೊತ್ತು ಬಿಟ್ಟುಕೊಂಡಿತೆಂದರೆ, 25 ವ್ಯಾಟಿನ ಬಲ್ಬು ಉಣ್ಣಬೇಕಾದ ಪಾಲೆಲ್ಲವೂ ಹಿಂದಿನ ಪುಟ್ಟ ಬಲ್ಬಿನ ಮೇಲೆ ಬೀಳುವದು. ಅದು ಒಮ್ಮೆಲೆ ಬೆಳ್ಳಗೆ ಹೊಳೆದು ಸುಟ್ಟುಹೋಗುವದು. ತಂತಿ ಮತ್ತೆ ಕೂಡಿಕೊಂಡಾಗ ಮುಂದಿನ ದೀಪವು ಏನೂ ಅರಿಯದಂತೆ ಉರಿಯುವದು. ಹಿಂದಿನ ಬಲ್ಬು ಪದೇ ಪದೇ ಸುಡುತ್ತಿದ್ದರೆ ಹಿಂದಿನ ಬಲ್ಬನ್ನು ಬಯ್ಯಬಾರದು, ಮುಂದಿನ ದಾರಿಯನ್ನು ಹುಡುಕಬೇಕು. ಹುಡುಗನು ಬಿದ್ದ ರಾತ್ರಿ ಅವನ ಗಾಡಿಗೆ ಹಿಂದಿನ ದೀಪವೂ ಇರಲಿಲ್ಲವೆಂಬದು ನಮಗೆ ಆಗ ಹೊಳೆದು ಮೈ ಜುಮ್ಮೆಂದಿತು. ಹಿಂದಿನಿಂದ ಒಂದು ಲಾರಿ ಬಂದಿದ್ದರೆ?

ಇಂಜಿನನ್ನು ಹಚ್ಚಿ, ದೀಪ ಹೊತ್ತಿಸಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುವಿದೆವು, ದೀಪವಿತ್ತು. ಎಡಕ್ಕೆ ಪೂರಾ ತಿರುವಿದೆವು, ಆರಿತು. ಮತ್ತೆ ನೆಟ್ಟಗೆ ಮಾಡಿದೆವು, ಬಂದಿತು. ತಂತಿಗಳ ಕಟ್ಟು ಹ್ಯಾಂಡಲ್ಲಿನ ಕುತ್ತಿಗೆಯಲ್ಲಿ ವರ್ಷಾನುಗಟ್ಟಲೆ ಬಾಗಿ ಬಾಗಿ, ಮೇಲಿನ ಹೊದಿಕೆ ಅಖಂಡವಾಗಿ ಕಂಡರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದುಹೋಗಿದ್ದವು. ಬೆರಳಿನಿಂದ ಹಿಚುಕಿದರೆ ಆ ಜಾಗವು ಟೊಳ್ಳಾಗಿ ಬಾಗುತ್ತಿತ್ತು. ಒಂದು ಗೇಣು ಹೊಸ ತಂತಿಯನ್ನು ಕಾಸಿ ಬೆಸೆದು, ತಿರುಗಲಿಕ್ಕೆ ಸಡಿಲು ಬಿಟ್ಟು, ಕೊಳವೆ ತೊಡಿಸಿದ್ದಾಯಿತು. ಅವನನ್ನು ತಗ್ಗಿಗೆ ಕೆಡವಿದ ರೋಗಕ್ಕೆ ತಗಲಿದ ಮದ್ದು ಇಷ್ಟೇ.

ಆದರೆ ದೀಪವು ಇನ್ನೂ ಮಂಕಾಗಿಯೇ ಇತ್ತು. ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದೆ ಇಡಬೇಕು. 6 ವೋಲ್ಟಿನಲ್ಲಿ 25 ವ್ಯಾಟು ಎಂದರೆ 4 ಆಂಪಿಯರಿಗೂ ಮಿಗಿಲಾದ ಪ್ರವಾಹ. ದಾರಿಯಲ್ಲಿ ಎಲ್ಲಿಯೋ ಒಂದು ಜೋಡಣೆ ತುಕ್ಕು ಹಿಡಿದು ಕಾಲು ಓಮಿನಷ್ಟು ಅಡ್ಡಿ ಮಾಡಿದರೂ ಸುಮಾರು ಒಂದು ವೋಲ್ಟು ಅಲ್ಲಿಯೇ ಬಿಸಿಯಾಗಿ ವ್ಯರ್ಥವಾಗುವದು. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟು ಹೋದರೆ ಯಾರಿಗೂ ತಿಳಿಯದು. ಆರರಲ್ಲಿ ಒಂದು ಹೋದರೆ ತಂತಿಯ ಬಲ್ಬಿನ ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವದು. ಆದುದರಿಂದ ಸ್ವಿಚ್ಚಿನ ಒಳಗಿನ ಹಿತ್ತಾಳೆಯ ಗುಂಡಿಗಳು, ಬಲ್ಬಿನ ಹಿಡಿಕೆ, ಮುಖ್ಯವಾಗಿ ದೀಪದ ಬಟ್ಟಲಿನಿಂದ ಗಾಡಿಯ ಮೈಗೆ ಹೋಗುವ ಅರ್ತಿನ ಜೋಡಣೆ, ಇವನ್ನು ಉಪ್ಪುಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಬೇಕು. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳಲ್ಲಿ ದೀಪ ಮಂಕಾಗುವದಕ್ಕೆ ಅರ್ತಿನ ಸ್ಕ್ರೂವಿನ ಅಡಿಯಲ್ಲಿ ಕೂತ ಬಣ್ಣವೇ ಎಷ್ಟೋ ಸಲ ಕಾರಣವೆಂದು ಮೇಸ್ತ್ರಿಯವರು ಹೇಳಿದರು. ಅಂದವಾಗಿ ಕಾಣಲೆಂದು ಹಣ ಕೊಟ್ಟು ಕುರುಡನ್ನು ಕೊಂಡಂತಾಯಿತು.

ಎಲ್ಲವನ್ನೂ ತಿಕ್ಕಿದ ಮೇಲೆಯೂ ಬೆಳಕು ತುಸು ಏರಿತೇ ಹೊರತು ತೃಪ್ತಿಯಾಗಲಿಲ್ಲ. ಆಗ ಮೇಸ್ತ್ರಿಯವರು ಇಂಜಿನಿನಿಂದ ಹೊರಬರುವ ದೀಪದ ತಂತಿಯನ್ನು ಉಳಿದೆಲ್ಲದರಿಂದ ಬಿಡಿಸಿ, ಸರಿಯಾದ ಬಲ್ಬೊಂದನ್ನು ಆ ತಂತಿಗೂ ಇಂಜಿನಿನ ಮೈಗೂ ನಡುವೆ ನೇರವಾಗಿ ಹಿಡಿದರು. ಬಲ್ಬು ಇಲ್ಲಿ ಬೆಳ್ಳಗೆ ಉರಿದರೆ ಸುರುಳಿಯು ನಿರ್ದೋಷಿ, ದೋಷವು ಮುಂದಿನ ತಂತಿಗಳಲ್ಲಿ. ಇಲ್ಲಿಯೂ ಮಂಕಾದರೆ ದೋಷವು ಸುರುಳಿಯದು ಇಲ್ಲವೆ ಅಯಸ್ಕಾಂತದ್ದು. ನಮ್ಮದು ಮಂಕಾಯಿತು. ಮೀಟರು ಕೈಯಲ್ಲಿದ್ದವರು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳಬೇಕು. ಬಲ್ಬು ಜೋಡಿಸದೆ ಬರಿಯ ತಂತಿಯನ್ನು ಅಳೆದರೆ ಆರು ವೋಲ್ಟಿನ ಬದಲು ಇಪ್ಪತ್ತೋ ಮೂವತ್ತೋ ತೋರಿಸಬಹುದು. ಅದನ್ನು ನೋಡಿ ಸುರುಳಿಯು ಗಟ್ಟಿಯಾಗಿದೆಯೆಂದು ಹಿಗ್ಗಬಾರದು. ಹೊರೆ ಹೊರಿಸಿದಾಗಲೇ ಎತ್ತಿನ ಬಲ ತಿಳಿಯುವದು. ಓಮಿನ ಅಳತೆಯೂ ಇಲ್ಲಿ ಅರ್ಧ ಸಾಕ್ಷಿಯೇ. ದಪ್ಪ ತಂತಿಯ ಸುರುಳಿಯ ಅಡ್ಡಿ ಮೊದಲೇ ಬಹಳ ಕಡಿಮೆ. ಒಳಗೆ ನಾಲ್ಕು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಸಾಮಾನ್ಯ ಮೀಟರಿಗೆ ಅದು ಗೊತ್ತಾಗದು. ತಂತಿ ಪೂರಾ ಕಡಿದಿದ್ದರೆ ಮಾತ್ರ ಅದು ಖಂಡಿತವಾಗಿ ಹೇಳುವದು.

ಇನ್ನು ಗಾಲಿಯನ್ನು ಬಿಚ್ಚುವದು. ಇದಕ್ಕೆ ಪುಲ್ಲರ್ ಎಂಬ ಸಾಧನವೇ ಬೇಕು. ಅದಿಲ್ಲದೆ ಸುತ್ತಿಗೆಯಿಂದ ಬಡಿದು ಬಿಚ್ಚುವವರನ್ನು ಗಾಡಿಯ ಹತ್ತಿರ ಸುಳಿಯಗೊಡಬಾರದು. ಏಟು ಬಿದ್ದರೆ ದಂಡ ಬಾಗುವದಷ್ಟೇ ಅಲ್ಲ, ಹಳೆಯ ಅಯಸ್ಕಾಂತಗಳು ತಮ್ಮ ಸೆಳೆತವನ್ನೂ ಕಳೆದುಕೊಳ್ಳುವವು. ಆಮೇಲೆ ಎಷ್ಟು ಹೊಸ ಸುರುಳಿ ಹಾಕಿದರೂ ಫಲವಿಲ್ಲ. ನಮ್ಮ ಗಾಲಿಯು ಸುಖವಾಗಿ ಹೊರಬಂದಿತು. ಒಳಗೆ ನೋಡಿದರೆ, ದಂಡದ ಎಣ್ಣೆ ತಡೆಯುವ ಸೀಲು ಹರಿದು ಪೆಟ್ರೋಲು ಬೆರೆತ ಎಣ್ಣೆಯು ತಟ್ಟೆಯನ್ನೆಲ್ಲ ತೋಯಿಸಿತ್ತು. ದೀಪದ ಎರಡು ಸುರುಳಿಗಳಲ್ಲಿ ಒಂದರ ಮೇಲಿನ ಅರಿವೆಯ ಪಟ್ಟಿ ಕೊಳೆತು ತಂತಿಯ ಮೆರುಗೆಣ್ಣೆ ಸುಲಿದಿತ್ತು. ಸೀಲು ಬದಲಿಸದೆ ಸುರುಳಿಯನ್ನು ಮಾತ್ರ ಬದಲಿಸಿದವನು ಮುಂದಿನ ವರ್ಷ ಅದೇ ಕೆಲಸಕ್ಕೆ ಮತ್ತೆ ಕೂಡಬೇಕಾಗುವದು.

ಹೊಸ ಸುರುಳಿ ಪೇಟೆಯಲ್ಲಿ ಸಿಗಲಿಲ್ಲ. ಹಾಗಾಗಿ ಕೆಟ್ಟ ಸುರುಳಿಯೊಂದನ್ನೇ ದೊಡ್ಡ ಊರಿನಲ್ಲಿ ಮೋಟಾರು ಕಟ್ಟುವವರೊಬ್ಬರಿಗೆ ಕೊಟ್ಟು ಹೊಸ ತಂತಿ ಸುತ್ತಿಸಿ ತರಿಸಿದೆವು. ಅಷ್ಟೇ ದಪ್ಪದ ತಂತಿ, ಅಷ್ಟೇ ಸುತ್ತು ಎಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆವು. ಕೆಲಸವೇನೋ ಅಚ್ಚುಕಟ್ಟಾಗಿತ್ತು. ಎರಡನೆಯ ಆದಿತ್ಯವಾರ ಎಲ್ಲವನ್ನೂ ಕೂಡಿಸಿ ಇಂಜಿನನ್ನು ಹಚ್ಚಿದರೆ, ಮೊದಲಿನ ಮಂಕುಬೆಳಕೂ ಇಲ್ಲ! ಬಲ್ಬಿನ ತಂತಿಯು ಕೆಂಪಾಗುವಷ್ಟು ಸಹ ಇಲ್ಲ. ಭಾವನವರು ಕಟ್ಟೆಯ ಮೇಲಿನಿಂದ ಎದ್ದು ಒಳಗೆ ಹೋದರು. ಮೀಟರು ಹಚ್ಚಿ ನೋಡಿದರೆ ತಂತಿ ಎಲ್ಲಿಯೂ ಕಡಿದಿಲ್ಲ. ನಾವು ಕೈಚೆಲ್ಲಿ ಕುಳಿತೆವು.

ಮೇಸ್ತ್ರಿಯವರು ಒಂದು ಕಪ್ಪು ಚಹಾ ಕುಡಿದು, ಮತ್ತೆ ಗಾಲಿಯನ್ನು ಬಿಚ್ಚಿ, ಸುರುಳಿಗಳ ನಡುವಿನ ಬೆಸುಗೆಯನ್ನು ಬಿಡಿಸಿದರು. ಹಳೆಯ ಸುರುಳಿಯೊಂದಕ್ಕೇ ಬಲ್ಬು ಹಚ್ಚಿದರೆ ಅರೆಬೆಳಕು ಬಂದಿತು. ಹೊಸದೊಂದಕ್ಕೇ ಹಚ್ಚಿದರೂ ಅರೆಬೆಳಕು ಬಂದಿತು. ಎರಡನ್ನೂ ಕೂಡಿಸಿದರೆ ಕತ್ತಲೆ. ಇದೇನು ವಿಚಿತ್ರವೆಂದು ನಾವು ಬೆರಗಾದೆವು. ಅವರು ಹೊಸ ಸುರುಳಿಯ ಎರಡು ತುದಿಗಳನ್ನು ಅದಲು ಬದಲು ಮಾಡಿ ಬೆಸೆದರು, ಅಷ್ಟೆ. “ಎರಡೂ ಎತ್ತು ಗಟ್ಟೀನ ಇದ್ದೂರಿ ಸಾಹೇಬ್ರ, ಆದ್ರ ಎದುರಾಬದರಾ ಹೂಡಿದ್ರಿ” ಎಂದರು.

ಈ ಮಾತಿನ ಮರ್ಮವನ್ನು ಬಿಡಿಸಿ ಹೇಳಬೇಕು. ಗಾಲಿಯಲ್ಲಿ ಅಯಸ್ಕಾಂತದ ಉತ್ತರ ಧ್ರುವ, ದಕ್ಷಿಣ ಧ್ರುವಗಳು ಒಂದರ ಪಕ್ಕಕ್ಕೊಂದು ಬರುವವು. ಒಂದು ಸುರುಳಿಯ ಮುಂದೆ ಉತ್ತರವಿದ್ದಾಗ ನೆರೆಯ ಸುರುಳಿಯ ಮುಂದೆ ದಕ್ಷಿಣವಿರುವದು. ಹೀಗಾಗಿ ಒಂದರಲ್ಲಿ ವಿದ್ಯುತ್ತು ಹೋಗುವ ದಿಕ್ಕಿಗೆ ಇನ್ನೊಂದರಲ್ಲಿ ವಿರುದ್ಧ ದಿಕ್ಕು. ಅವೆರಡೂ ಕೂಡಿ ದುಡಿಯಬೇಕಾದರೆ ಒಂದನ್ನು ಬಲಸುತ್ತಾಗಿಯೂ ಇನ್ನೊಂದನ್ನು ಎಡಸುತ್ತಾಗಿಯೂ ಸುತ್ತಬೇಕು, ಇಲ್ಲವೆ ತುದಿಗಳನ್ನು ಅದಲು ಬದಲಾಗಿ ಕೂಡಿಸಬೇಕು. ಸುತ್ತಿದವರು ಬಲಸುತ್ತು ಹಾಕಿದ್ದರು, ಹಳೆಯದೂ ಬಲಸುತ್ತೇ ಆಗಿತ್ತು. ಒಂದರ ದುಡಿಮೆಯನ್ನು ಇನ್ನೊಂದು ನುಂಗಿತು. ನಾವು ಚೀಟಿಯಲ್ಲಿ ದಪ್ಪವನ್ನು ಬರೆದೆವು, ಸುತ್ತುಗಳ ಎಣಿಕೆಯನ್ನು ಬರೆದೆವು, ದಿಕ್ಕನ್ನು ಬರೆಯಲಿಲ್ಲ. ತಪ್ಪು ನಮ್ಮದೇ. ಸುರುಳಿಯನ್ನು ಕಟ್ಟಲು ಕೊಡುವ ಮುಂಚೆ ತಂತಿ ಯಾವ ತುದಿಯಿಂದ ಹೊರಟು ಯಾವ ಕಡೆಗೆ ಸುತ್ತಿಕೊಂಡಿದೆಯೆಂದು ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಂಡರೆ, ಇಲ್ಲವೆ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರೆ, ಒಂದು ಆದಿತ್ಯವಾರ ಉಳಿಯುವದು. ಸುತ್ತು ದಪ್ಪವಾಗಿ ಗಾಲಿಗೆ ತಗಲದಂತೆ ನೋಡಿಕೊಳ್ಳುವದೂ ಅವಶ್ಯ. ತಗಲಿದರೆ ಮೊದಲನೆಯ ಸಂಜೆಗೇ ತಂತಿ ಸವೆದು ಮತ್ತೆ ಕತ್ತಲೆ.

ಇದೆಲ್ಲ ಏಕೆ, ಇಂದಿನ ಎಲ್‌ಇಡಿ ಬಲ್ಬು ಹಾಕಿದರಾಗದೆ ಎಂದು ಹುಡುಗನು ಕೇಳಿದನು. ಅಡ್ಡಿಯಿಲ್ಲ, ಆದರೆ ಸುಮ್ಮನೆ ಹಾಕಿದರೆ ಆಗದು. ಅದಕ್ಕೆ ಏಕಮುಖ ಪ್ರವಾಹ ಬೇಕು, ಏರಿಳಿಯದ ವೋಲ್ಟು ಬೇಕು. ನಮ್ಮ ಸುರುಳಿ ಕೊಡುವದು ಹಿಂದೆ ಮುಂದೆ ಹರಿಯುವ ಪ್ರವಾಹ, ಮತ್ತು ಬಡ ಎಲ್‌ಇಡಿ ಉಣ್ಣುವದು ಸ್ವಲ್ಪವಾದ್ದರಿಂದ ಉಳಿದ ವೋಲ್ಟು ಮೇಲಕ್ಕೆ ಹಾರಿ ಅದನ್ನು ಸುಡುವದು. ನಡುವೆ ರೆಕ್ಟಿಫಾಯರು, ರೆಗ್ಯುಲೇಟರು ಕೂಡಿಸಲೇಬೇಕು. ಅದನ್ನು ತಿಳಿದು ಮಾಡಿಸಿದವರ ಗಾಡಿಗಳು ಚೆನ್ನಾಗಿಯೇ ಓಡುತ್ತಿವೆ. 2017ರ ಏಪ್ರಿಲದಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನು ಹೊತ್ತಿದೊಡನೆ ಹಗಲಿನಲ್ಲಿಯೂ ಮುಂದಿನ ದೀಪವು ತಾನೇ ಹೊತ್ತುವ ನಿಯಮವಾಗಿದೆ. ಹಳೆಯ ಗಾಡಿಗೆ ಆ ನಿಯಮವಿಲ್ಲ. ಅದರ ದೀಪವನ್ನು ಕಾಯುವವರು ಮನೆಯವರೇ.

ಆ ಸಂಜೆ ಗಾಡಿಯನ್ನು ಹಿತ್ತಲಿನ ಗೋಡೆಯಿಂದ ಇಪ್ಪತ್ತೈದು ಅಡಿ ದೂರಕ್ಕೆ ನಿಲ್ಲಿಸಿ, ಹುಡುಗನನ್ನು ಅದರ ಮೇಲೆ ಕೂಡಿಸಿ, ಬೆಳಕಿನ ನಡುಬಿಂದು ದೀಪದ ಎತ್ತರಕ್ಕಿಂತ ತುಸು ಕೆಳಗೆ ಬೀಳುವಂತೆ ಬಟ್ಟಲನ್ನು ಬಗ್ಗಿಸಿ ಬಿಗಿದೆವು. ಎದುರಿಗೆ ಬರುವವನ ಕಣ್ಣಿಗೂ ದಯೆ ತೋರಬೇಕಷ್ಟೆ. ಆಯಿಯವರು ಗೋಡೆಯ ಮೇಲಿನ ಬೆಳಕನ್ನು ಬಹಳ ಹೊತ್ತು ನೋಡಿದರು. ಭಾವನವರು ಒಳಗಿನಿಂದ ಬಂದು ಹ್ಯಾಂಡಲ್ಲನ್ನು ತಾವೇ ಎಡಕ್ಕೆ ತಿರುವಿದರು, ಬಲಕ್ಕೆ ತಿರುವಿದರು, ಮತ್ತೊಮ್ಮೆ ಎಡಕ್ಕೆ ತಿರುವಿದರು. ದೀಪ ಆರಲಿಲ್ಲ. ಮೋಡಕಾದ ಮಾತನ್ನು ಅವರು ಮತ್ತೆ ಎತ್ತಿಲ್ಲ.

ಹಿಂದಿನ ದೀಪಕ್ಕೆ ಅಂದು ಹಾಕಿದ ಬಲ್ಬೇ ಈಗಲೂ ಉರಿಯುತ್ತಿದೆ. ಹುಡುಗನು ತಂದಿಟ್ಟ ಬಲ್ಬುಗಳ ಡಬ್ಬಿಯಲ್ಲಿ ಉಳಿದ ಏಳು ಹಾಗೆಯೇ ಗೂಡಿನಲ್ಲಿವೆ.